ಎರಡು ಸೆಕೆಂಡಿನ ನಡುಕ

ಮಾರ್ಚ್ ೩, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ತಮ್ಮ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆಂದರೆ ಇಲ್ಲಿನ ಡಾಕ್ಟರಿಗೆ ನನ್ನನ್ನು ಕಂಡರೆ ಎಲ್ಲಿಲ್ಲದ ಅಕ್ಕರೆ. ಬಾಹ್ಯಾಕಾಶಕ್ಕೆ ಹೊರಡಲು ಒಂಬತ್ತೇ ದಿನ ಉಳಿದಿದ್ದರೂ ನನ್ನ ನಾಡಿ ಅರವತ್ತೆರಡು ದಾಟುವುದಿಲ್ಲ. ಇಂಥವರೇ ಬೇಕು ಎಂದು ಬೆನ್ನು ತಟ್ಟುತ್ತಾರೆ. ಸೋಂಕು ತಗಲಬಾರದೆಂದು ನಮ್ಮನ್ನು ಬೇರೆ ಇಟ್ಟಿದ್ದಾರೆ. ಒಂದು ಮಂಚ, ಒಂದು ಮೇಜು, ತೆರೆಯಲಾಗದ ಕಿಟಕಿ. ಕೊಟ್ಟದ್ದನ್ನು ತಿನ್ನುತ್ತೇನೆ, ಮಲಗು ಎಂದರೆ ಮಲಗುತ್ತೇನೆ. ಇದು ಧೈರ್ಯವಲ್ಲ ಅಕ್ಕ. ಎರಡು ವರ್ಷದ ಹಿಂದೆ ವಿಮಾನ ಬಿದ್ದು ಭಾವ ಹೋದ ದಿನದಿಂದ ನನಗೆ ಏನೂ ಅನ್ನಿಸುತ್ತಿಲ್ಲ, ಅಷ್ಟೆ.

ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಆ ವಿಮಾನವನ್ನು ಹಿಂದಿನ ದಿನ ಪರೀಕ್ಷೆಗೆ ಹಾರಿಸಿದವನು ನಾನು. ವೇಗ ಏರಿಸಿದಾಗ ಕೈಯಲ್ಲಿದ್ದ, ವಿಮಾನ ನಡೆಸುವ ಸ್ಟಿಕ್ ಎರಡು ಸೆಕೆಂಡು ನಡುಗಿತು. ಮತ್ತೆ ಏರಿಸಿ ನೋಡಿದೆ, ನಡುಗಲಿಲ್ಲ. ಟೆಸ್ಟ್ ಪೈಲಟ್ ಆದವನು ಸೊಳ್ಳೆ ಕಚ್ಚಿದ್ದನ್ನೂ ಬರೆಯಬೇಕು ಎಂದು ನನಗೆ ಕಲಿಸಿದವರೇ ಭಾವ. ಆದರೆ ಉಪಕರಣಕ್ಕೆ ಸಿಗದ ನಡುಕ ಪೈಲಟ್‌ಗೆ ಸಿಕ್ಕಿತು ಎಂದರೆ ಮೊದಲು ಅವನ ಕಿವಿ, ತಲೆಯನ್ನೇ ತಪಾಸಣೆಗೆ ಕಳಿಸುತ್ತಾರೆ. ನನ್ನ ಹೆಸರು ಇರಬೇಕಿದ್ದ ಗಗನಯಾತ್ರಿಗಳ ಪಟ್ಟಿ ಬರಲು ಐದು ದಿನ ಬಾಕಿ ಇತ್ತು. ಮೊಣಕಾಲಿಗೆ ಕಟ್ಟಿಕೊಳ್ಳುವ ಕಾರ್ಡಿನಲ್ಲಿ ‘ನಡುಕ, ಎರಡು ಸೆಕೆಂಡು’ ಎಂದು ಹಾರುವಾಗಲೇ ಪೆನ್ಸಿಲಿನಲ್ಲಿ ಗೀಚಿದ್ದೆ. ಇಳಿದು ವರದಿಯಲ್ಲಿ ‘ಎಲ್ಲ ಸರಿ’ ಎಂದು ಬರೆದೆ.

ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ಭಾವ ಹೊರಟಾಗ ಪಕ್ಕದಲ್ಲೇ ಇದ್ದೆ. ನಿನ್ನ ತಮ್ಮ ವಿಮಾನ ಇಳಿಸುವುದು ಕೋಳಿ ಮೊಟ್ಟೆಯಿಡಲು ಕೂತ ಹಾಗಿರುತ್ತದೆ ಎಂದು ನಿನಗೆ ಚಾಡಿ ಹೇಳುತ್ತೇನೆಂದು ರೇಗಿಸಿದರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡರು. ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ. ಅದೇ ವೇಗ ಮುಟ್ಟಿದಾಗ ವಿಮಾನ ಅವರ ಕೈ ಮೀರಿತು.

ತನಿಖೆಯವರು ಪೈಲಟ್ ತಪ್ಪು ಎಂದು ಬರೆದು ಕೈತೊಳೆದುಕೊಂಡರು. ನೀನು ಆ ವರದಿಯನ್ನು ಮಡಿಚಿ ಎತ್ತಿಟ್ಟೆ. ನಿನ್ನ ಮಗಳು ಮಾತ್ರ ಹೋದ ಸಲ ನನ್ನ ಪಕ್ಕ ಕೂತು, ಅಪ್ಪ ಯಾವ ಗುಂಡಿ ತಪ್ಪಾಗಿ ಒತ್ತಿದರು ಮಾಮ ಎಂದು ಕೇಳಿದಳು. ಗೊತ್ತಿಲ್ಲ ಪುಟ್ಟಿ ಎಂದೆ. ಆಗ ಅಳು ಬರಬೇಕಿತ್ತು. ಬರಲಿಲ್ಲ.

ಆ ಕಾರ್ಡು ಈ ಲಕೋಟೆಯಲ್ಲೇ ಇದೆ. ತನಿಖಾ ಕಚೇರಿಗೆ ಕೊಡು. ಭಾವನ ಹೆಸರಿಗೆ ಹತ್ತಿದ ಮಸಿ ಹೋಗುತ್ತದೆ. ಅದು ಅಲ್ಲಿ ತಲುಪಿದ ಕೂಡಲೇ ನನ್ನನ್ನು ತೆಗೆದು, ನನ್ನ ಜಾಗಕ್ಕೆ ಸಿದ್ಧನಾಗಿ ಕಾದಿರುವವನನ್ನು ಕಳಿಸುತ್ತಾರೆ. ಕಳಿಸಲಿ. ನಾನು ಹೋಗಬೇಕೋ ಬೇಡವೋ ನೀನೇ ತೀರ್ಮಾನಿಸು. ಒಂಬತ್ತು ದಿನ ನಿನ್ನ ಕೈಯಲ್ಲಿದೆ.

ನಿನಗೆ ಮುಖ ತೋರಿಸಲಾಗದ,
ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ: ಆ ಒಂಬತ್ತು ದಿನ ನಿನ್ನ ಕೈಯಲ್ಲಿಲ್ಲ. ಇವತ್ತಿನಿಂದ ಹತ್ತನೇ ದಿನ ನಿನ್ನ ಮನೆಗೆ ತಲುಪಿಸಿ ಎಂದು ಹೇಳಿ ಇದನ್ನು ಇಲ್ಲಿನ ನರ್ಸ್ ಕೈಗೆ ಕೊಡುತ್ತಿದ್ದೇನೆ. ನೀನು ಓದುವ ಹೊತ್ತಿಗೆ ನಾನು ಮೇಲಿರುತ್ತೇನೆ, ಯಾರೂ ತಡೆಯಲಾರರು. ಈಗಷ್ಟೇ ಡಾಕ್ಟರು ಬಂದು ನಾಡಿ ನೋಡಿ ಹೋದರು. ಅರವತ್ತೆರಡು.