ಮೂರನೇ ಸಲ ಬಿಚ್ಚಿದ ಇಂಜಿನ್

ಮಾರ್ಚ್ 4, ಬುಧವಾರ

ಬೆಳಿಗ್ಗೆ ಒಂದು ಕ್ಲಚ್ ಕೇಬಲ್, ಒಂದು ಬ್ರೇಕ್ ಪ್ಯಾಡ್. ಹನ್ನೊಂದಕ್ಕೆ ನರ್ಸ್ ಸಿಸ್ಟರ್ ಕಾರು ವಾಪಸ್. ಹೋದ ವಾರವಷ್ಟೇ ಇಂಜಿನ್ ಮೇಲಿನ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅದರಡಿ ಸೋರದಂತೆ ಕೂರಿಸುವ ತೆಳು ಪಟ್ಟಿ, ಗ್ಯಾಸ್ಕೆಟ್, ಬದಲಾಯಿಸಿ ಕಳಿಸಿದ್ದೆ — ನಾನೊಬ್ಬಳೇ ಬಿಚ್ಚಿ ಜೋಡಿಸಿದ ಮೊದಲ ಇಂಜಿನ್ ಕೆಲಸ. ಈಗ ಇಂಜಿನ್ನಿನ ಹಿಂಬದಿಯಿಂದ ಆಯಿಲ್ ತೊಟ್ಟಿಕ್ಕುತ್ತಿದೆ.

"ನಾನು ದಿನಾ ಎಂಟು ಮನೆ ಸುತ್ತಬೇಕು ಕಣಮ್ಮ. ಎಲ್ಲಾ ಹಾಸಿಗೆ ಹಿಡಿದ ರೋಗಿಗಳು. ದಾರೀಲಿ ನಿಂತುಬಿಟ್ರೆ ನನ್ನ ಗತಿ ಏನು?" ಕೋಪವಿಲ್ಲದೆ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಗ್ಯಾರೇಜ್ ಶೆಡ್ಡಿನ ಬೆಂಚಿನ ಮೇಲಿಂದ ಮಾವ ಅಂದರು, "ಬಿಟ್ಟು ಹೋಗಿ ಸಿಸ್ಟರ್. ನಮ್ಮ ಹುಡುಗಿ ನೋಡ್ತಾಳೆ." ನಲವತ್ತು ತುಂಬಿದ ನಾನು ಇವರಿಗಿನ್ನೂ ಹುಡುಗಿ!

ಮಾರ್ಚ್ 5, ಸಂಜೆ 4

ಇಂಜಿನ್ ಪೂರ್ತಿ ತೊಳೆದೆ. ಒಣಗಿಸಿ, ಸೋರುವ ಜಾಗ ಕಾಣಲೆಂದು ಮೇಲೆ ಗಂಡನ ಮುಖದ ಪೌಡರ್ ಉದುರಿಸಿದೆ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟೆ. ಬಿಳಿ ಪೌಡರಿನಲ್ಲಿ ಕಪ್ಪು ಗೆರೆ... ನಾನು ಕೂರಿಸಿದ ಮ್ಯಾನಿಫೋಲ್ಡಿನ ಹಿಂದಿನ ಅಂಚಿನಿಂದಲೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಡಬ್ಬಿ ಖಾಲಿಯಾದದ್ದಕ್ಕೆ ಗಂಡ ಗೊಣಗಿದ. ಫೈಲು ಬಿಟ್ಟು ಬೇರೇನೂ ಮುಟ್ಟದವನು, ಗ್ರೀಸ್ ಕಂಡರೆ ಮೂಗು ಮುರಿಯುತ್ತಾನೆ. ಅದಕ್ಕೇ ಶೆಡ್ಡಿನ ವಿದ್ಯೆ ಮಗನನ್ನು ಬಿಟ್ಟು ಸೊಸೆಗೆ ಬಂತು. ಆರು ವರ್ಷ ಮಾವ ಸ್ಪ್ಯಾನರ್ ಹಿಡಿಯುವುದರಿಂದ ಶುರುಮಾಡಿ ಎಲ್ಲಾ ಕಲಿಸಿದರು. ಈಗ ಅವರ ಕೈ ನಡುಗುತ್ತದೆ. ನೋಡುತ್ತಾ ಕೂರುತ್ತಾರೆ.

ಮಾರ್ಚ್ 6

ಬಿಚ್ಚಿದೆ. ಜಿಡ್ಡು ಹೋಗುವಂತೆ ಅಂಚನ್ನು ಥಿನ್ನರಿನಲ್ಲಿ ಎರಡು ಸಲ ಒರೆಸಿದೆ. ಹೊಸ ಗ್ಯಾಸ್ಕೆಟ್, ಅಂಚಿಗೆ ಒಣಗಿ ರಬ್ಬರಿನಂತೆ ಅಂಟುವ ಸಿಲಿಕಾನ್ ಪೇಸ್ಟ್. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಕ್ರಮವಾಗಿಯೇ ಬಿಗಿ ಮಾಡಿದೆ. ಈ ಸಲ ಸೋರಿದರೆ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಮಾರ್ಚ್ 10, ಮಂಗಳವಾರ

ಸೋರಿದೆ.

ಸಿಸ್ಟರ್ ಕಾರು ಮತ್ತೆ ತಂದು, ಕೀ ಕೊಟ್ಟು ಬಸ್ಸಿಗೆ ಹೋದರು. "ಶನಿವಾರದೊಳಗೆ ಆಗ್ಲಿಲ್ಲಾಂದ್ರೆ ಬೇರೆ ಕಡೆ ತೋರಿಸ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಬೇಜಾರಲ್ಲ. ಭಯ. ನನ್ನ ಕೈಗೆ ಈ ಕೆಲಸ ಒಗ್ಗುವುದೇ ಇಲ್ಲವೇನೋ. ಮಾವನ ಕೈಯಿಂದ ಒಂದು ಗಾಡಿಯೂ ಹೀಗೆ ತಿರುಗಿ ಬಂದಿರಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಒಂದೇ ಸ್ಪ್ಯಾನರನ್ನು ಮೂರು ಸಲ ಒರೆಸಿಟ್ಟೆ.

ಮಾರ್ಚ್ 11, ಮಧ್ಯಾಹ್ನ 12

ಮೂರನೇ ಸಲ ಬಿಚ್ಚಿದೆ. ಹಿಂದಿನ ಅಂಚಿನ ಸಿಲಿಕಾನ್ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. ಲೋಹಕ್ಕೆ ಅಂಟಿಯೇ ಇಲ್ಲ. ಅಡಿಯಲ್ಲಿ ಎಣ್ಣೆ ಜಿಡ್ಡು. ಅಷ್ಟು ಉಜ್ಜಿ ಒರೆಸಿದ್ದೆನಲ್ಲ?

ಅದೇ ದಿನ, 3

ಕಂಡೆ. ಬರೆಯಲೇ ಮನಸ್ಸಿಲ್ಲ.

ಮತ್ತೆ ಒರೆಸಿದೆ, ಕೈ ತೊಳೆಯಲು ಹೋದೆ. ನಲ್ಲಿಯ ಹತ್ತಿರದಿಂದ ತಿರುಗಿ ನೋಡಿದರೆ ಮಾವ ಬೆಂಚು ಬಿಟ್ಟು ಎದ್ದಿದ್ದಾರೆ. ಹೆಗಲ ಬಟ್ಟೆಗೆ ಒಂದು ಹನಿ ಆಯಿಲ್ ಬಿಟ್ಟುಕೊಂಡು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಅಂಚನ್ನು ನಾಜೂಕಾಗಿ ಸವರುತ್ತಿದ್ದಾರೆ. ಅವರ ಕಾಲದಲ್ಲಿ ಕಾರ್ಕ್ ಗ್ಯಾಸ್ಕೆಟ್. ಎಣ್ಣೆ ಸವರಿದರೆ ಒಡೆಯದೆ ಕೂರುತ್ತಿತ್ತು. ಪ್ರತಿ ಇಂಜಿನ್ನಿಗೂ ಅವರದೇ ಕೊನೆಯ ಕೈ. ಸಿಲಿಕಾನಿಗೆ ಅದು ವಿಷ.

ಹಿಂದಿನ ಎರಡು ಸಲವೂ ಹೀಗೇ ಆಗಿದೆ. ನಾನು ಕೈ ತೊಳೆಯುವಷ್ಟರಲ್ಲಿ.

ಕಲಿಸಿದವರಿಗೆ ಹೇಗೆ ಹೇಳಲಿ? ಬಾಯಿಗೆ ಬಂದದ್ದು ಬೇರೆಯೇ. "ಮಾವ, ಅಂಗಡಿಯಿಂದ ನಾಲ್ಕು ಬೋಲ್ಟ್ ತಂದುಕೊಡ್ತೀರಾ?" ಹೋದರು. ಮತ್ತೆ ಒರೆಸಿ, ಪೇಸ್ಟ್ ಹಚ್ಚಿ, ಅವಸರದಲ್ಲಿ ಕೂರಿಸಿಬಿಟ್ಟೆ. ಕಳ್ಳಿಯ ಹಾಗೆ. ಮಾವ ಬಂದು ಬೋಲ್ಟ್ ಕೊಟ್ಟರು. ಥಿನ್ನರ್ ಬಟ್ಟೆ ನೋಡಿದರು. ಹೋಗಿ ಬೆಂಚಿನ ಮೇಲೆ ಕೂತರು.

ಮಾರ್ಚ್ 14, ಶನಿವಾರ

ಎರಡು ದಿನ ಓಡಿಸಿ ನೋಡಿದೆ. ಒಂದು ಹನಿಯಿಲ್ಲ. ಅಡಿಗೆ ಹಾಸಿದ ರಟ್ಟು ಒಣಗಿಯೇ ಇದೆ. ಕುಣಿಯಬೇಕಿತ್ತು.

ಸಿಸ್ಟರ್ ಕೇಳಿದರು, "ಏನಾಗಿತ್ತಮ್ಮ?"

"ಗ್ಯಾಸ್ಕೆಟ್ ಪೀಸೇ ಸರಿ ಇರ್ಲಿಲ್ಲ ಸಿಸ್ಟರ್."

"ಪೀಸ್ ಸರಿಯಾಗೇ ಇತ್ತು," ಅಂದರು ಮಾವ. ಎದ್ದು ನಿಂತೇ ಹೇಳಿದರು. "ನಾನು ಎಣ್ಣೆ ಸವರ್ತಿದ್ದೆ. ಎರಡು ಸಲಾನೂ ಸೋರಿದ್ದು ನನ್ನಿಂದ. ಇವಳ ಕೆಲಸದಲ್ಲಿ ತಪ್ಪಿಲ್ಲ."

ಸಿಸ್ಟರ್ ನಕ್ಕು, ಮಾವನ ಭುಜ ತಟ್ಟಿ, ಕಾರು ಹತ್ತಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೋದ ಮೇಲೆ ಮಾವ ಮೆಲ್ಲಗೆ ಅಂದರು, "ಡಬ್ಬಿ ತುಂಬಾ ಬೋಲ್ಟ್ ಇತ್ತಲ್ಲಮ್ಮ. ಹೇಳಿದ್ರೆ ನಾನೇ ಕೈ ತೆಗೀತಿದ್ದೆ."

ಮಾರ್ಚ್ 16, ಸೋಮವಾರ, ಬೆಳಿಗ್ಗೆ 10

ಶೆಡ್ಡಿನ ಶಟರ್ ನಾನೇ ಎತ್ತಿದೆ. ಆರು ವರ್ಷದಲ್ಲಿ ಮೊದಲ ಸಲ.

ಹೊರಡುವಾಗ ನೋಡಿದೆ — ಮಾವ ಸ್ನಾನ ಮಾಡಿ ಬಿಳಿ ಶರ್ಟು ಹಾಕಿ ಪೇಪರ್ ಹಿಡಿದು ಕೂತಿದ್ದರು. ಬಿಳಿ ಶರ್ಟಿನಲ್ಲಿ ಯಾರೂ ಶೆಡ್ಡಿಗೆ ಬರುವುದಿಲ್ಲ. "ಬರಲ್ವಾ ಮಾವ?" ಅಂದೆ. "ನೀನಿದ್ದೀಯಲ್ಲಮ್ಮ" ಅಂದರು. ಮುನಿಸಿನಿಂದಲ್ಲ, ಪ್ರೀತಿಯಿಂದಲೇ.

ನೇರವಾಗಿ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಅವರಿಗೇನೂ ತಿಳಿಯದು ಎಂಬಂತೆ ಅಂಗಡಿಗೆ ಅಟ್ಟಿದೆನಲ್ಲ, ಅದು ತಪ್ಪು. ಊಟಕ್ಕೆ ಹೋದಾಗ ಹೇಳುತ್ತೇನೆ. ಮಾವ, ನನಗೊಬ್ಬಳಿಗೇ ಆಗಲ್ಲ ಅಂತಲ್ಲ. ಆಗುತ್ತೆ. ಆದರೂ ನೀವು ಆ ಬೆಂಚಿನ ಮೇಲೆ ಇರಬೇಕು.