ಕೆಂಪು ಬೂಟಿನ ಗುಂಡಿ

ಮೇ ೨೩, ಗುರುವಾರ

ಅಂಗಡಿಯ ಪೆಗ್ಗಿ ಇವತ್ತೂ ಯಾರಿಗೋ ನನ್ನನ್ನು "ಇವಳು ಗ್ಲಾಸ್ಗೋದವಳು" ಎಂದೇ ಪರಿಚಯಿಸಿದಳು. ಮದುವೆಯಾಗಿ ಈ ದ್ವೀಪಕ್ಕೆ ಬಂದು ಹನ್ನೊಂದು ವರ್ಷವಾಯಿತು. ಇನ್ನೂ ಗ್ಲಾಸ್ಗೋದವಳೇ! ಮೈಯೆಲ್ಲ ಉರಿದುಹೋಯಿತು.

ಅದೇ ಸಿಟ್ಟಿನಲ್ಲಿ ಮಧ್ಯಾಹ್ನ ಅತ್ತೆ ಮತ್ತು ನನ್ನ ಮಗಳು ಮೈರಿಯ ಜೊತೆ ಜವುಗು ಬಯಲಿಗೆ ಹೋದೆ. ಒಲೆಯಲ್ಲಿ ಉರಿಸಲೆಂದು ಜವುಗಿನಿಂದ ಕಡಿದಿಟ್ಟ ಪೀಟ್ ಮಣ್ಣಿನ ಹೆಂಟೆಗಳನ್ನು ಒಣಗಲು ಎತ್ತಿ ನಿಲ್ಲಿಸಬೇಕಿತ್ತು. ದಾರಿಯುದ್ದಕ್ಕೂ ಅತ್ತೆಯ ಕತೆ. ಕಡಲಿನಿಂದ ಎದ್ದುಬಂದ ಹೆಂಗಸು ಈ ಬಂಡೆಯ ಮೇಲೆ ಕೂದಲು ಒಣಗಿಸಿದ್ದು, ಆ ಕೆರೆಯ ಮಾಯಾವಿ ನೀರುಕುದುರೆ ಮುತ್ತಜ್ಜನ ಅಣ್ಣನನ್ನು ಅಟ್ಟಿಸಿಕೊಂಡು ಬಂದದ್ದು. ಇವರಿಗೆ ಕತೆಯಿಲ್ಲದ ಕಲ್ಲೇ ಇಲ್ಲ. ನಾನು ಮುಖ ಊದಿಸಿಕೊಂಡು ಹಿಂದೆ ನಡೆಯುತ್ತಿದ್ದೆ.

ಒಂದು ಕಡೆ ಅತ್ತೆ ಕೋಲೂರಿ ನಿಂತರು.

"ಹುಷಾರು ಪುಟ್ಟಿ, ಇದು ಕೆಂಪು ಬೂಟಿನ ಗುಂಡಿ. ಊರೆಲ್ಲ ಹಾಗೇ ಕರೆಯೋದು."



"ಯಾರ ಬೂಟು ಅಜ್ಜಿ?"

"ಒಬ್ಬ ಗ್ಲಾಸ್ಗೋ ಹುಡುಗಿದು. ಹೊಸ ಮದುವಣಗಿತ್ತಿ, ಹೇಳಿದ ಮಾತು ಕೇಳ್ತಿರ್ಲಿಲ್ಲ. ಸೊಂಟದ ತನಕ ಹೂತುಹೋದ್ಳು. ಹಗ್ಗ ಹಾಕಿ ಎಳೆದ್ವಿ. ಅವಳು ಬಂದ್ಳು, ಒಂದು ಬೂಟು ಬರ್ಲೇ ಇಲ್ಲ."

ಆ ಹುಡುಗಿ ಯಾರೆಂದು ಮೈರಿಗೆ ಗೊತ್ತಿಲ್ಲ. ನೀರುಕುದುರೆಯ ಕತೆ ಕೇಳಿದಷ್ಟೇ ಗಂಭೀರವಾಗಿ ಕೇಳುತ್ತಿದ್ದಳು. ನಾನು ಬಗ್ಗಿ ನನ್ನ ಬೂಟಿನ ದಾರ ಬಿಗಿದುಕೊಂಡೆ.

ಬೆನ್ನು ನೋಯುತ್ತಿದೆ, ಕಣ್ಣು ಎಳೆಯುತ್ತಿದೆ. ಆದರೂ ಇದೊಂದನ್ನು ಬರೆದೇ ಮಲಗಬೇಕು.

"ಆಮೇಲೆ ಅವಳು ವಾಪಸ್ ಗ್ಲಾಸ್ಗೋಗೆ ಹೋದ್ಳಾ ಅಜ್ಜಿ?"

ಅತ್ತೆ ಹಿಂದಿರುಗಿ ನನ್ನನ್ನು ನೋಡಿದರು.

"ಹೇಗೆ ಹೋಗ್ತಾಳೆ? ಬೂಟು ಇಲ್ಲೇ ಇದೆಯಲ್ಲ."