ಬೇರು ಹುಡುಕಿದ್ದು

ಮೇ ೪
ಗೆಣಸು ಬೇಯಿಸಿ, ತೆಂಗಿನ ಹಾಲು ಹಾಕಿ ಕಿವುಚಿ ಕೊಟ್ಟೆ. ಫೆಲೆತಿ ಎರಡು ತುತ್ತು ತಿಂದ, ಕಕ್ಕಿದ. ಚಾಪೆ ತೊಳೆದು ಬೇಲಿಗೆ ಹಾಕಿದೆ. ತಲೆನೋವು ಈಗ ಎಡಗಿವಿಯ ಹಿಂದೆ ಮಾತ್ರವಂತೆ. ಅಲ್ಲಿ ಬೆರಳಿಟ್ಟರೆ ಚೀರುತ್ತಾನೆ.
ದೊಡ್ಡ ದ್ವೀಪದ ಆಸ್ಪತ್ರೆಯವರು ಸ್ಕ್ಯಾನ್ ನೋಡಿ ಮನೆಗೆ ಕಳಿಸಿದ್ದಾರೆ. ತಲೆಯೊಳಗೆ ಗಡ್ಡೆ. ಆಕ್ಲೆಂಡಿಗೆ ಕರೆದೊಯ್ದರೂ ಪ್ರಯೋಜನವಿಲ್ಲವಂತೆ. ಮಾತ್ರೆ ಕೊಟ್ಟರು. ಮಾತ್ರೆ!

ಮೇ ೬
ಅವನ ಅಕ್ಕ ಲುಪೆ ಬಂದರು. ಟೋಂಗಾದಲ್ಲಿ ತಮ್ಮನ ಮನೆಗೆ ಅಕ್ಕನೇ ದೊರೆ, ಹೆಂಡತಿಯಾದ ನನ್ನ ಮಾತು ಯಾರಿಗೆ ಬೇಕು! ಬಾಗಿಲ ಬಳಿ ಕೂತೆ.
“ಡಾಕ್ಟರಿಗೇನ್ ಗೊತ್ತು? ನಮ್ಮ ಸತ್ತೋರಲ್ಲಿ ಯಾರದೋ ಬುರುಡೆಗೆ ಬೇರು ಹೊಕ್ಕಿದೆ. ಅವರಿಗೆ ಎಲ್ಲಿ ಚುಚ್ತಿದೆಯೋ ಇವನಿಗೆ ಅಲ್ಲೇ ನೋವು. ಮೊದಲು ಅಪ್ಪನ ಗೋರಿ ತೆಗೆಸ್ತೀನಿ.”
ಅಕ್ಕ ಇರುವಷ್ಟು ಹೊತ್ತು ಫೆಲೆತಿ ತಲೆ ಎತ್ತಲಿಲ್ಲ. ಹೋದ ಮೇಲೆ ನನಗೆ: “ಅಪ್ಪ ಎದ್ದು ಬಂದ್ರೆ ದೋಣಿ ಇಂಜಿನ್ ಎಲ್ಲಿಟ್ಟಿದ್ದಾನೆ ಅಂತ ಕೇಳು, ವಿಕಾ.” ನಗಲು ಹೋಗಿ ತಲೆ ಹಿಡಿದುಕೊಂಡ.

ಮೇ ೯
ಮಾವನ ಗೋರಿ ತೆಗೆದರು. ದವಡೆಯ ಸುತ್ತ ಬೇರಿನ ಗಂಟು. ಬಿಡಿಸಿ, ಮೂಳೆಗೆ ಕೊಬ್ಬರಿ ಎಣ್ಣೆ ಸವರಿ, ಹೊಸ ಬಟ್ಟೆಯಲ್ಲಿ ಸುತ್ತಿ ಮತ್ತೆ ಮಲಗಿಸಿದರು.
ಸಂಜೆ ಫೆಲೆತಿ ಎದ್ದು ಕೂತ. ಮೀನಿನ ಸಾರು ಕೇಳಿದ! ಅಡುಗೆಮನೆಯಲ್ಲಿ ನಿಂತು ಹುಚ್ಚಿಯಂತೆ ಅತ್ತೆ.

ಮೇ ೧೭
ನೋವು ಮತ್ತೆ. ಮೊದಲಿಗಿಂತ ಹೆಚ್ಚು.
ಲುಪೆ ಅಕ್ಕ: “ಅಪ್ಪಂದು ದವಡೆ. ಇವನದು ಕಿವಿ ಹಿಂದೆ. ಹಾಗಾದ್ರೆ ಬೇರೆ ಯಾರೋ… ನಮ್ಮ ಗೋರಿಗಳಲ್ಲಿ ನೋಡದೆ ಉಳಿದಿರೋದು ಒಬ್ಬಳೇ.”
ಸಿಲಿಯಾ. ನನ್ನ ಮಗಳು. ಆರು ವರ್ಷಕ್ಕೆ ಜ್ವರದಲ್ಲಿ ಹೋದವಳು.
“ಬೇಡ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಮಲಗಿರೋ ಮಗು ಅದು.”
“ನಿನಗೆ ಗಂಡ ಬೇಕೋ ಬೇಡ್ವೋ?”
ಫೆಲೆತಿಯಾದರೂ ಬೇಡ ಅನ್ನಲಿ ಎಂದು ನೋಡಿದೆ. ಗೋಡೆಯ ಕಡೆ ತಿರುಗಿದ. “ನೋಡ್ಲಿ ಬಿಡು, ವಿಕಾ. ತಡ್ಕೊಳ್ಳೋಕಾಗ್ತಿಲ್ಲ.”
ಅವಳು ಹೋದ ದಿನವೂ ದೇವರ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಮೇ ೧೯, ಬೆಳಿಗ್ಗೆ
ಗುದ್ದಲಿ ತಂದಿದ್ದಾರೆ. ಬೇರು ಇರದಿರಲಿ. ನನ್ನ ಮಗಳನ್ನು ಏನೂ ಚುಚ್ಚದಿರಲಿ. ಇಷ್ಟೇ ಪ್ರಾರ್ಥನೆ.

ಅದೇ ದಿನ, ಮಧ್ಯಾಹ್ನ
ಬಿಳಿ ಮರಳು. ಹಳದಿ ಫ್ರಾಕಿನ ಗುಂಡಿಗಳು. ತಲೆಯನ್ನು ನಾನೇ ಎತ್ತಿದೆ, ಯಾರಿಗೂ ಬಿಡಲಿಲ್ಲ. ಎರಡು ಅಂಗೈಯಲ್ಲಿ ಹಿಡಿಸಿತು. ಮುಂದಿನ ಹಾಲುಹಲ್ಲು ಒಂದಿಲ್ಲ—ಅದು ಕಬ್ಬು ಕಚ್ಚುವಾಗ ಬಿದ್ದದ್ದು.
ಬೇರಿಲ್ಲ. ಒಂದು ಎಳೆಯೂ ಇಲ್ಲ.
ಬೆಳಿಗ್ಗೆ ಬೇಡಿದ್ದೇ ಸಿಕ್ಕಿತು. ಆದರೆ ನಾನು… ಅಯ್ಯೋ, ಕಣ್ಣಿನ ಗುಳಿಯಲ್ಲಿ, ಕಿವಿಯ ತೂತಿನಲ್ಲಿ ಬೆರಳು ಹಾಕಿ ಹುಡುಕಿದೆ. ಇರಲಿ, ಒಂದಾದರೂ ಇರಲಿ ಎಂದು. ಕೊನೆಗೆ ಲುಪೆ ಅಕ್ಕನೇ ಕೈ ಹಿಡಿದರು. “ಸಾಕು ಕಣೇ. ಬಿಡು, ಮಗುಗೆ ನೋವಾಗುತ್ತೆ.” ಅವರೂ ಗೊಳೋ ಎಂದು ಅತ್ತರು.
ಎಣ್ಣೆ ಸವರಿದೆ. ಬದುಕಿದ್ದಾಗ ಎಣ್ಣೆ ಹಚ್ಚಲು ಕರೆದರೆ ಓಡಿಹೋಗುತ್ತಿದ್ದಳು.
ಬರುವಾಗ ಬೇಲಿಯ ಬುಡದಿಂದ ಒಂದು ಬೇರು ಕಿತ್ತುಕೊಂಡೆ. ಅಕ್ಕ ನೋಡಿದರು, ಅದರ ಮಣ್ಣು ಒರೆಸಿಕೊಟ್ಟರು.
“ಸಿಕ್ತಾ?” ಎಂದ ಫೆಲೆತಿ.
“ಸಿಕ್ತು. ಎಡಗಿವಿ ಹಿಂದೇನೇ ಇತ್ತು.”
ಕೊಟ್ಟ ಬೇರನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ಪಾಪ, ಎಷ್ಟು ನೋವಾಗಿತ್ತೋ ಅವಳಿಗೆ.” ಹಾಗೇ ನಿದ್ದೆ ಹೋದ.

ಮೇ ೨೧, ಬೆಳಿಗ್ಗೆ ಹತ್ತು
ನೋವಿಲ್ಲವಂತೆ! ಎಷ್ಟು ದಿನದ ಮೇಲೆ ನಗುತ್ತಿದ್ದಾನೆ. ಬೇರು ಇನ್ನೂ ಕೈಯಲ್ಲೇ ಇದೆ. ಪಪ್ಪಾಯಿ ಬೇಕಂತೆ, ತೆಂಗಿನ ಹಾಲಿನಲ್ಲಿ ಬೇಯಲು ಒಲೆಯ ಮೇಲಿಟ್ಟಿದ್ದೇನೆ. ಕಿಟಕಿ ಪೂರ್ತಿ ತೆರೆದೆ. ಹಾಸಿಗೆಯ ಮೇಲೆಲ್ಲ ಬಿಸಿಲು.
ಕರೆಯುತ್ತಿದ್ದಾನೆ. “ವಿಕಾ, ಇನ್ನೂ ಬೆಳಗಾಗ್ಲಿಲ್ವಾ? ದೀಪ ಹಚ್ಚೇ. ಮಗಳ ಬೇರು ಹೆಂಗಿದೆ ನೋಡ್ತೀನಿ.”
ಹಚ್ಚಿದ್ದೀನಿ ಎಂದೆ.
“ಎಲ್ಲಿ?” ಅನ್ನುತ್ತಿದ್ದಾನೆ. ನಾನು…